ಯಾರು ಲಿಂಕ್ ಕೊಟ್ಟರು, ಯಾಕೆ ಕೊಟ್ಟರು?

ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ, ಕಲಿಯುವವರ ಟೆಲಿಗ್ರಾಂ ಗುಂಪುಗಳಲ್ಲಿ ಎರಡು ಜಾಹೀರಾತುಗಳಿಗೆ ಬರವಿಲ್ಲ. ಒಂದು, ಕೆಲವೇ ನೂರು ರೂಪಾಯಿಗೆ ಸಾವಿರಾರು ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ ಲಿಂಕು. ಇನ್ನೊಂದು, ಲಿಂಕ್ ಪಟ್ಟಿ ಕೊಡುವ ದುಬಾರಿ ಟೂಲ್‌ಗಳ ‘ಗ್ರೂಪ್ ಬೈ’. ಯಾರೋ ಒಬ್ಬ ಅಹ್ರೆಫ್ಸ್‌ಗೋ ಸೆಮ್‌ರಶ್‌ಗೋ ಚಂದಾ ಕಟ್ಟುತ್ತಾನೆ, ಅದೇ ಲಾಗಿನ್ನನ್ನು ಗುರುತು ಪರಿಚಯವಿಲ್ಲದ ಹತ್ತಾರು ಮಂದಿಗೆ ಹಂಚಿ ಕಾಸು ಮಾಡುತ್ತಾನೆ. ಮೊದಲನೆಯದನ್ನು ಕೊಂಡರೆ ಗ್ರಾಹಕರ ವೆಬ್‌ಸೈಟ್ ಹಾಳು. ಎರಡನೆಯದು ಟೂಲ್ ಕಂಪನಿಯ ನಿಯಮಕ್ಕೆ ವಿರುದ್ಧ, ಲಾಗಿನ್ ಯಾವ ಗಳಿಗೆಯಲ್ಲಾದರೂ ಸಾಯುತ್ತದೆ. ಆ ಲಾಗಿನ್ ಬಳಸಲು ಬ್ರೌಸರ್‌ಗೆ ಹಾಕಿಸುವ ಎಕ್ಸ್‌ಟೆನ್ಷನ್ ನಿಮ್ಮ ಮಿಕ್ಕ ಪಾಸ್‌ವರ್ಡ್‌ಗಳನ್ನು ಏನು ಮಾಡುತ್ತದೋ ಕೇಳುವವರಿಲ್ಲ.

ಹುಡುಗರು ಅತ್ತ ಹೋಗುವುದಕ್ಕೆ ಕಾರಣವಿದೆ. ಇಂಥ ಟೂಲ್‌ಗಳ ಸಾಮಾನ್ಯ ಚಂದಾ ತಿಂಗಳಿಗೆ ನೂರು ಡಾಲರ್ ದಾಟುತ್ತದೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ, ಒಂದಿಬ್ಬರು ಗ್ರಾಹಕರನ್ನು ನಂಬಿ ಸ್ವಂತವಾಗಿ ಶುರು ಮಾಡಿದವರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಆ ನೂರು ಡಾಲರಿಗೆ ಸಿಗುವುದೇನು ಎಂದು ಒಮ್ಮೆ ನೋಡಬೇಕು. ಇಡೀ ವೆಬ್ಬನ್ನು ಸುತ್ತಿ, ಯಾವ ಪುಟದಿಂದ ಯಾವ ಪುಟಕ್ಕೆ ಲಿಂಕ್ ಇದೆ ಎಂದು ಬರೆದಿಟ್ಟ ಪಟ್ಟಿ ಸಿಗುತ್ತದೆ. ಲಿಂಕ್ ಕೊಟ್ಟವನು ಯಾಕೆ ಕೊಟ್ಟ ಎನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ಪುಟ ತೆರೆದು ಓದಿಯೇ ತಿಳಿಯಬೇಕು. ಹೊಸಬರ ಸಂಶೋಧನೆ ಎಂದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಈ ಓದೇ. ಮೊದಲ ಒಂದು ವರ್ಷ ಓದುವುದಕ್ಕೆ ಬೇಕಾದಷ್ಟು ಪಟ್ಟಿ ಬಿಟ್ಟಿಯಾಗಿಯೇ ಸಿಗುತ್ತದೆ.

ಲಿಂಕಿಗೆ ಇಷ್ಟು ಬೆಲೆ ಬಂದದ್ದು ಹೇಗೆಂದು ಎರಡು ಮಾತು. 1990ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಪೇಜ್‌ರ‍್ಯಾಂಕ್ ಲೆಕ್ಕಾಚಾರ ರೂಪಿಸಿದರು. ಅದರ ಮೂಲ ವಿದ್ವತ್ ಲೋಕದಲ್ಲಿತ್ತು. ಒಂದು ಸಂಶೋಧನಾ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದರು, ಉಲ್ಲೇಖಿಸಿದವರು ಎಂಥವರು ಎಂದು ನೋಡಿ ಅದರ ತೂಕ ಅಳೆಯುವ ಪದ್ಧತಿ ಆಗಲೇ ಇತ್ತು. ಅದನ್ನೇ ವೆಬ್ ಪುಟಗಳಿಗೆ ಒಗ್ಗಿಸಿದರು. ಇವತ್ತು ಗೂಗಲ್ ನೋಡುವ ಸಂಗತಿಗಳು ಬೇರೆ ಎಷ್ಟೋ ಇವೆ, ಲಿಂಕಿನ ಪಾಲು ಮೊದಲಿನಷ್ಟಿಲ್ಲ ಎಂದು ಗೂಗಲ್‌ನವರೇ ಹೇಳುತ್ತಾರೆ. ಆದರೂ ಯಾರಿಗೂ ಗೊತ್ತಿಲ್ಲದ ಹೊಸ ಸೈಟಿಗೆ ನಾಲ್ಕು ಒಳ್ಳೆಯ ಕಡೆಯಿಂದ ಬಂದ ಲಿಂಕು ಈಗಲೂ ಸಾಕ್ಷಿಯ ಹಾಗೆ ಕೆಲಸ ಮಾಡುತ್ತದೆ. ಡೊಮೇನ್ ಅಥಾರಿಟಿ ಎಂಬ ಅಂಕಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಮೋಜ್ ಎಂಬ ಖಾಸಗಿ ಕಂಪನಿ ತನ್ನ ಅಂದಾಜಿನಿಂದ ಕೊಡುವ, ನೂರರೊಳಗಿನ ಒಂದು ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ. ಆ ಅಂಕಿ ತೋರಿಸಿ ಲಿಂಕ್ ಮಾರುವವರಿಗೆ ಅದರಿಂದ ಬಹಳ ಲಾಭವಾಗಿದೆ.

ಬರಿ ತತ್ವ ಹೇಳಿದರೆ ಪ್ರಯೋಜನವಿಲ್ಲ, ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಚಿಕ್ಕಮಗಳೂರಿನಲ್ಲಿ ಸ್ವಂತ ತೋಟದ ಅರೇಬಿಕಾ ಹುರಿದು ಪುಡಿ ಮಾಡಿ ಆನ್‌ಲೈನಿನಲ್ಲಿ ಮಾರುವ ಕುಟುಂಬ. ವೆಬ್‌ಸೈಟ್ ಇದೆ, ನೋಡುವವರಿಲ್ಲ. ಜಾಹೀರಾತಿಗೆ ದುಡ್ಡಿಲ್ಲ. ನಿಮ್ಮನ್ನು ಕರೆದು ‘ಗೂಗಲ್‌ನಲ್ಲಿ ಮೇಲೆ ಬರಬೇಕು’ ಅಂದಿದ್ದಾರೆ.

ಮೊದಲು ಗೂಗಲ್ ಸರ್ಚ್ ಕನ್ಸೋಲ್. ಸೈಟು ನಿಮ್ಮದೆಂದು ದೃಢಪಡಿಸಿದರೆ ಲಿಂಕ್ಸ್ ಎಂಬ ವರದಿಯಲ್ಲಿ ಯಾವ ಸೈಟುಗಳು ನಿಮಗೆ ಲಿಂಕ್ ಕೊಟ್ಟಿವೆ, ಯಾವ ಪುಟಕ್ಕೆ ಕೊಟ್ಟಿವೆ, ಯಾವ ಪದದ ಮೇಲೆ ಕೊಟ್ಟಿವೆ ಎಂಬುದು ಬರುತ್ತದೆ. ಪೂರ್ತಿ ಉಚಿತ. ಸಣ್ಣ ಅಂಗಡಿಗೆ ಇಲ್ಲಿ ಹತ್ತು ಹದಿನೈದು ಹೆಸರು ಕಂಡರೆ ಹೆಚ್ಚು, ಆದರೆ ಆ ಹತ್ತನ್ನು ನಿಧಾನವಾಗಿ ನೋಡಿ. ಮೂಡಿಗೆರೆಯ ಯಾವುದೋ ಹೋಂಸ್ಟೇ ‘ನಮ್ಮಲ್ಲಿ ಕೊಡುವ ಕಾಫಿ ಇವರದು’ ಎಂದು ಬರೆದು ಲಿಂಕ್ ಹಾಕಿರಬಹುದು. ಹಾಗಿದ್ದರೆ ಅಲ್ಲೇ ಒಂದು ದಾರಿ ಸಿಕ್ಕಿತು. ಈ ಕುಟುಂಬದ ಪುಡಿ ಹೋಗುವ ಬೇರೆ ಹೋಂಸ್ಟೇಗಳು, ಕೆಫೆಗಳು, ಬೆಂಗಳೂರಿನ ಅಂಗಡಿಗಳು ಎಷ್ಟಿವೆ ಎಂದು ಮಾಲೀಕರನ್ನು ಕೇಳಿ.

ಕೇಳುವ ವಿಷಯ ಬಂತು, ಇದನ್ನು ಯಾವ ಕೋರ್ಸೂ ಒತ್ತಿ ಹೇಳುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾಲೀಕರ ಜೊತೆ ಕೂತು ಮಾತಾಡಿ. ಹುರಿಯುವ ಯಂತ್ರ ಯಾರಿಂದ ಕೊಂಡಿರಿ? ಅವರ ಸೈಟಿನಲ್ಲಿ ‘ನಮ್ಮ ಗ್ರಾಹಕರು’ ಪುಟ ಇದೆಯೇ? ಪ್ಯಾಕೆಟ್ ಮಾಡಿಕೊಡುವವರು ಯಾರು? ಯಾವ ಬೆಳೆಗಾರರ ಸಂಘದ ಸದಸ್ಯರು? ಮಗಳು ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳ ಪುಟದಲ್ಲಿ ಉದ್ಯಮಿಗಳ ಪರಿಚಯ ಬರುತ್ತದೆಯೇ? ಪತ್ರಿಕೆಯಲ್ಲಿ ನಿಮ್ಮ ತೋಟದ ಬಗ್ಗೆ ಯಾವಾಗಲಾದರೂ ಬರೆದಿದ್ದರೇ? ಇವರೆಲ್ಲ ಈ ಕುಟುಂಬವನ್ನು ಈಗಾಗಲೇ ಬಲ್ಲವರು, ಲಿಂಕ್ ಕೊಡಲು ಅವರಿಗೆ ನಿಜವಾದ ಕಾರಣ ಇದೆ. ಯಾವ ಟೂಲೂ ಈ ಹೆಸರುಗಳನ್ನು ಕೊಡಲಾರದು.

ಆಮೇಲೆ ಪೈಪೋಟಿದಾರರು. ಇಲ್ಲಿ ಹೊಸಬರು ದೊಡ್ಡ ಬ್ರ್ಯಾಂಡುಗಳ ಹಿಂದೆ ಬೀಳುತ್ತಾರೆ. ದೇಶಕ್ಕೆಲ್ಲ ಗೊತ್ತಿರುವ ಕಾಫಿ ಕಂಪನಿಗೆ ಲಿಂಕ್ ಬರುವುದು ಅದರ ಹೆಸರಿನಿಂದ. ಆ ಪಟ್ಟಿ ಇಟ್ಟುಕೊಂಡು ನಮ್ಮ ಅಂಗಡಿಗೆ ಮಾಡುವುದೇನೂ ಇಲ್ಲ. ನಮಗಿಂತ ಎರಡೇ ಮೆಟ್ಟಿಲು ಮೇಲಿರುವ, ಸಕಲೇಶಪುರದ್ದೋ ಮಡಿಕೇರಿಯದ್ದೋ ಇನ್ನೊಂದು ಸಣ್ಣ ಅಂಗಡಿಯ ಪಟ್ಟಿ ಬೇಕು. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ನ ಬ್ಯಾಕ್‌ಲಿಂಕ್ಸ್ ವಿಭಾಗದಲ್ಲಿ ನಿಮ್ಮ ಸೈಟಿನ ಪಕ್ಕ ಬೇರೆಯವರ ಸೈಟನ್ನೂ ಇಟ್ಟು ಹೋಲಿಸುವ ಸೌಲಭ್ಯವಿದೆ. ಗೂಗಲ್ ಇದನ್ನು ಕೊಡುವುದಿಲ್ಲ, ಮೈಕ್ರೋಸಾಫ್ಟ್ ಬಿಟ್ಟಿ ಕೊಡುತ್ತದೆ, ಆದರೂ ನಮ್ಮ ಕಡೆ ಬಿಂಗ್ ಎಂದರೆ ಜನ ನಗುತ್ತಾರೆ. ಅಹ್ರೆಫ್ಸ್‌ನ ಉಚಿತ ಬ್ಯಾಕ್‌ಲಿಂಕ್ ಚೆಕರ್‌ನಲ್ಲಿ ಯಾವುದೇ ಸೈಟಿನ ಮುಖ್ಯವಾದ 100 ಲಿಂಕ್ ನೋಡಬಹುದು. ಅದೇ ಕಂಪನಿಯ ವೆಬ್‌ಮಾಸ್ಟರ್ ಟೂಲ್ಸ್ 2020ರಿಂದ ಸ್ವಂತ ಸೈಟುಗಳ ಮಟ್ಟಿಗೆ ಉಚಿತ. ಮೋಜ್‌ನ ಲಿಂಕ್ ಎಕ್ಸ್‌ಪ್ಲೋರರ್ ಉಚಿತ ಖಾತೆಗೆ ತಿಂಗಳಿಗೆ 10 ಹುಡುಕಾಟ ಬಿಡುತ್ತದೆ. ಈ ಮಿತಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ, ಆದರೆ ಒಂದಲ್ಲ ಒಂದು ಬಾಗಿಲು ತೆರೆದೇ ಇರುತ್ತದೆ. ಒಂದು ಟೂಲಿಗೆ ಕಾಣದ ಲಿಂಕು ಇನ್ನೊಂದಕ್ಕೆ ಕಾಣುವುದರಿಂದ ಎರಡು ಮೂರು ಕಡೆ ತೆಗೆದು ಒಂದೇ ಹಾಳೆಗೆ ಸುರಿದುಕೊಳ್ಳುವುದು ಒಳ್ಳೆಯದು. ಪ್ರೋಗ್ರಾಮಿಂಗ್ ಬರುವವರಿಗೆ ಕಾಮನ್ ಕ್ರಾಲ್ ಎಂಬ ಲಾಭರಹಿತ ಸಂಸ್ಥೆ ವೆಬ್ಬಿನ ಲಿಂಕುಗಳ ನಕ್ಷೆಯನ್ನೇ ಸಾರ್ವಜನಿಕವಾಗಿ ಇಟ್ಟಿದೆ. ಮಿಕ್ಕವರು ಅತ್ತ ತಲೆ ಹಾಕಬೇಕಿಲ್ಲ.

ಹಾಳೆ ತುಂಬಿದ ಮೇಲೆ ನಿಜವಾದ ಕೆಲಸ. ಒಂದೊಂದೇ ಪುಟ ತೆರೆಯಿರಿ, ಪಕ್ಕದ ಅಂಕಣದಲ್ಲಿ ‘ಯಾಕೆ ಕೊಟ್ಟರು’ ಎಂದು ನಾಲ್ಕು ಪದದಲ್ಲಿ ಬರೆಯಿರಿ. ಐವತ್ತು ಸಾಲು ಮುಗಿಯುವ ಹೊತ್ತಿಗೆ ಕಾರಣಗಳು ಮರುಕಳಿಸತೊಡಗುತ್ತವೆ. ಪ್ರವಾಸ ಬರೆಯುವವರು ‘ಮಲೆನಾಡಿನಿಂದ ಏನು ತರಬೇಕು’ ಎಂಬ ಪಟ್ಟಿಯಲ್ಲಿ ಹಾಕಿದ್ದಾರೆ. ಅಡುಗೆ ಬರೆಯುವವರು ಡಿಕಾಕ್ಷನ್‌ಗೆ ಚಿಕೋರಿ ಎಷ್ಟಿರಬೇಕು ಎಂಬ ವಿವರಣೆಗೆ ಅಂಗಡಿಯ ಪುಟವನ್ನು ತೋರಿಸಿದ್ದಾರೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಯಾರೋ ವರದಿ ಮಾಡುತ್ತ ಬೆಳೆಗಾರರ ಹೇಳಿಕೆ ಹಾಕಿದ್ದಾರೆ. ಇನ್ನು ಅರ್ಧದಷ್ಟು ಸಾಲುಗಳು ಕಸ: ಯಂತ್ರ ತಾನೇ ಸೃಷ್ಟಿಸಿದ ಪುಟಗಳು, ಯಾರೂ ಓದದ ಡೈರೆಕ್ಟರಿಗಳು. ಕಸವನ್ನು ಕೈಯಾರೆ ಅಳಿಸುತ್ತ ಹೋದರೆ ಕಣ್ಣಿಗೆ ಒಂದು ಅಭ್ಯಾಸ ಬರುತ್ತದೆ. ದುಬಾರಿ ಟೂಲಿನಲ್ಲಿ ಫಿಲ್ಟರ್ ಒತ್ತಿ ಕಲಿತವರಿಗೆ ಇದು ಬಂದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಈ ಕಾರಣಗಳನ್ನೇ ಹಿಡಿದು ಗೂಗಲ್ ಹುಡುಕಾಟಕ್ಕೆ ಇಳಿಯಬೇಕು. ಉದ್ಧರಣ ಚಿಹ್ನೆಯೊಳಗೆ ಪದಗಳನ್ನಿಟ್ಟರೆ ಅದೇ ಅನುಕ್ರಮದಲ್ಲಿ ಹುಡುಕುತ್ತದೆ, ಪದಕ್ಕೂ ಮೊದಲು ಮೈನಸ್ ಹಾಕಿದರೆ ಅದನ್ನು ಬಿಟ್ಟು ಹುಡುಕುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಇನ್‌ಟೈಟಲ್ ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ಪದ ಸೇರಿಸಿದರೆ ಶೀರ್ಷಿಕೆಯಲ್ಲಿ ಆ ಪದ ಇರುವ ಪುಟಗಳು ಮಾತ್ರ ಬರುತ್ತವೆ. ಸೈಟ್ ಎಂದು ಬರೆದು ಕೋಲನ್ ಹಾಕಿದರೆ ಒಂದೇ ಜಾಲತಾಣದೊಳಗೆ ಹುಡುಕಬಹುದು. ಹಳೆಯ ಪಾಠಗಳಲ್ಲಿ ಲಿಂಕ್ ಕೋಲನ್ ಎಂಬುದನ್ನೂ ಹೇಳಿಕೊಡುತ್ತಾರೆ, ಅದನ್ನು ನಂಬಬೇಡಿ ಎಂದು ಗೂಗಲ್ 2017ರಲ್ಲೇ ಹೇಳಿತು. ‘ಚಿಕ್ಕಮಗಳೂರು’ ಶೀರ್ಷಿಕೆಯಲ್ಲಿದ್ದು, ಒಳಗೆ ‘ಕಾಫಿ ಪುಡಿ’ ಇದ್ದು, ಅಮೆಜಾನ್ ಇಲ್ಲದ ಪುಟಗಳನ್ನು ಹುಡುಕಿ ನೋಡಿ. ಮೊದಲೆರಡು ಪುಟಗಳಲ್ಲಿ ನಿಲ್ಲಬೇಡಿ, ನಮಗೆ ಬೇಕಾದವರು ಅದರಾಚೆ ಇರುತ್ತಾರೆ.

ಅದನ್ನೇ ಕನ್ನಡದಲ್ಲೂ ಹುಡುಕಿ. ನಮ್ಮ ಎಸ್‌ಇಒ ಹುಡುಗರು ಮನೆಯಲ್ಲಿ ಕನ್ನಡ ಮಾತಾಡಿ ಕೆಲಸದಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಹುಡುಕುತ್ತಾರೆ. ಕನ್ನಡದಲ್ಲಿ ಪ್ರವಾಸ, ಕೃಷಿ, ಅಡುಗೆ ಬರೆಯುವ ತಾಣಗಳಿವೆ, ಪತ್ರಿಕೆಗಳ ಜಾಲ ಆವೃತ್ತಿಗಳಿವೆ. ಇಂಗ್ಲಿಷ್ ತಾಣದ ಸಂಪಾದಕರ ಪೆಟ್ಟಿಗೆಗೆ ದಿನವೂ ‘ಡಿಯರ್ ಸರ್, ಗೆಸ್ಟ್ ಪೋಸ್ಟ್’ ಎಂಬ ಪತ್ರಗಳು ಸುರಿಯುತ್ತಿರುತ್ತವೆ. ಕನ್ನಡ ತಾಣ ನಡೆಸುವವರಿಗೆ ಅಂಥ ಕಾಟ ಕಡಿಮೆ, ನೇರವಾಗಿ ಬರೆದ ಕನ್ನಡ ಪತ್ರವನ್ನು ಓದುವ ಸಾಧ್ಯತೆ ಹೆಚ್ಚು.

ನನಗೆ ಬಹಳ ಇಷ್ಟವಾದ ದಾರಿ ಸತ್ತ ಲಿಂಕುಗಳದ್ದು. ವೆಬ್ಬಿನಲ್ಲಿ ಪುಟಗಳು ಸಾಯುತ್ತಲೇ ಇರುತ್ತವೆ. ಭಾರತದಲ್ಲಿ ಇದಕ್ಕೆ ಸರ್ಕಾರದ ಕೊಡುಗೆ ದೊಡ್ಡದು. ಎಷ್ಟೋ ಇಲಾಖೆಗಳು ನಿಕ್ ಡಾಟ್ ಇನ್ ವಿಳಾಸದಿಂದ ಗವ್ ಡಾಟ್ ಇನ್‌ಗೆ ಬಂದವು, ಹಳೆಯ ಪುಟಗಳಿಗೆ ಕೊಟ್ಟಿದ್ದ ಲಿಂಕುಗಳೆಲ್ಲ ಅನಾಥವಾದವು. ಕಾಫಿ ಮಂಡಳಿಯ ತಾಣವೇ ಮೊದಲು ಇಂಡಿಯಾಕಾಫಿ ಡಾಟ್ ಆರ್ಗ್ ಎಂಬ ವಿಳಾಸದಲ್ಲಿತ್ತು, ಈಗ ಕಾಫಿಬೋರ್ಡ್ ಡಾಟ್ ಗವ್ ಡಾಟ್ ಇನ್. ಹಳೆಯ ವಿಳಾಸದ ಒಳಪುಟಗಳನ್ನು ನಂಬಿ ಬರೆದ ಲೇಖನಗಳನ್ನು ಹುಡುಕಿದರೆ ಸಿಗುತ್ತವೆ. ಅಂಥ ಪುಟದಲ್ಲಿ ಯಾವ ಲಿಂಕು ಸತ್ತಿದೆ ಎಂದು ತೋರಿಸುವ ಉಚಿತ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ. ಸ್ಕ್ರೀಮಿಂಗ್ ಫ್ರಾಗ್ ಎಂಬ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಒಂದು ಸೈಟಿನ 500 ವಿಳಾಸಗಳವರೆಗೆ ತಪಾಸಣೆ ಮಾಡುತ್ತದೆ. ಸತ್ತ ಪುಟದಲ್ಲಿ ಮೊದಲು ಏನಿತ್ತು ಎಂಬುದನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್ ತೋರಿಸುತ್ತದೆ.

ಅಲ್ಲಿ ಅರೇಬಿಕಾ, ರೋಬಸ್ಟಾ ಪಾರ್ಚ್‌ಮೆಂಟಿಗೂ ಚೆರ್ರಿಗೂ ಇರುವ ವ್ಯತ್ಯಾಸದ ವಿವರಣೆ ಇತ್ತು ಎಂದಿಟ್ಟುಕೊಳ್ಳಿ. ನಮ್ಮ ಕುಟುಂಬಕ್ಕಿಂತ ಚೆನ್ನಾಗಿ ಅದನ್ನು ಬರೆಯಬಲ್ಲವರು ಯಾರು? ಕಣದ ಮೇಲೆ ಹರಡಿದ ಹಣ್ಣಿನ ಫೋಟೋ ಸಮೇತ ಬರೆದು, ಲೇಖನದ ಮಾಲೀಕರಿಗೆ ‘ನಿಮ್ಮ ಪುಟದ ಈ ಲಿಂಕ್ ಕೆಲಸ ಮಾಡುತ್ತಿಲ್ಲ, ಮಂಡಳಿಯ ಹೊಸ ವಿಳಾಸ ಇದು, ಈ ವಿಷಯದ ಮೇಲೆ ನಮ್ಮದೂ ಒಂದು ಪುಟ ಇದೆ’ ಎಂದು ತಿಳಿಸಿದರೆ ಅದು ಉಪಕಾರವೇ. ವಿಕಿಪೀಡಿಯದ ಲೇಖನಗಳ ಕೆಳಗಿರುವ ಉಲ್ಲೇಖಗಳೂ ಇಂಥ ಹುಡುಕಾಟಕ್ಕೆ ಒಳ್ಳೆಯ ಗಣಿ, ಸತ್ತ ಕೊಂಡಿಗಳಿಗೆ ಅಲ್ಲಿ ಗುರುತು ಹಾಕಿಟ್ಟಿರುತ್ತಾರೆ. ಆದರೆ ಅಲ್ಲಿಗೆ ನಿಮ್ಮ ಅಂಗಡಿಯ ಲಿಂಕ್ ತುರುಕಲು ಹೋಗಬೇಡಿ. ಸಂಪಾದಕರು ಕಿತ್ತೆಸೆಯುತ್ತಾರೆ, ಸ್ವಹಿತಾಸಕ್ತಿಯ ಸಂಪಾದನೆಗೆ ಅಲ್ಲಿ ನಿಯಮಗಳಿವೆ. ಅಲ್ಲದೆ ಇಂಗ್ಲಿಷ್ ವಿಕಿಪೀಡಿಯ 2007ರಿಂದಲೇ ಹೊರಗಿನ ಲಿಂಕುಗಳಿಗೆಲ್ಲ ನೋಫಾಲೋ ಹಚ್ಚಿದೆ.

ನೋಫಾಲೋ ಎಂದರೆ ‘ಈ ಲಿಂಕನ್ನು ನನ್ನ ಶಿಫಾರಸು ಎಂದು ಎಣಿಸಬೇಡ’ ಎಂದು ಸರ್ಚ್ ಎಂಜಿನ್ನಿಗೆ ಹೇಳುವ ಗುರುತು. ಕಾಮೆಂಟುಗಳಲ್ಲಿ ಸುರಿಯುತ್ತಿದ್ದ ಸ್ಪ್ಯಾಮ್ ತಡೆಯಲು 2005ರಲ್ಲಿ ಬಂತು. ಹಣ ಕೊಟ್ಟ ಲಿಂಕಿಗೆ ಸ್ಪಾನ್ಸರ್ಡ್ ಎಂಬ ಬೇರೆ ಗುರುತನ್ನು 2019ರಲ್ಲಿ ಸೇರಿಸಿದರು. ಹೊಸಬರು ನೋಫಾಲೋ ಕಂಡ ಕೂಡಲೇ ಆ ಸಾಲನ್ನು ಅಳಿಸುತ್ತಾರೆ. ನಾನು ಅಳಿಸುವುದಿಲ್ಲ. ದೊಡ್ಡ ಪತ್ರಿಕೆಯ ನೋಫಾಲೋ ಲಿಂಕಿನಿಂದ ಹತ್ತು ಜನ ಬಂದು ಪುಡಿ ಕೊಂಡರೆ ಮಾಲೀಕರಿಗೆ ಅಷ್ಟೇ ಸಾಕು.

ಇನ್ನು ಲಿಂಕ್ ಕೊಡಲು ಯೋಗ್ಯವಾದದ್ದು ನಿಮ್ಮ ಸೈಟಿನಲ್ಲಿ ಏನಿದೆ ಎಂಬ ಪ್ರಶ್ನೆ. ಅದಕ್ಕೂ ದುಡ್ಡು ಸುರಿಯಬೇಕು ಅನ್ನುವವರಿದ್ದಾರೆ. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು ದಿನವೂ ಇಂಚು, ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಡುವ ರೂಢಿ ತಲೆಮಾರುಗಳಿಂದ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ಮುಂದಿನ ಫಸಲು ನಿಂತಿರುತ್ತದೆ. ಅಜ್ಜ ಬರೆದ ಆ ಡೈರಿಗಳು ಬೀರುವಿನಲ್ಲಿವೆ. ಅವನ್ನು ಟೈಪಿಸಿ, ವರ್ಷವಾರು ಕೋಷ್ಟಕ ಮಾಡಿ ಸೈಟಿಗೆ ಹಾಕಿದರೆ ಹವಾಮಾನದ ಬಗ್ಗೆ ಬರೆಯುವ ಪತ್ರಕರ್ತರಿಗೆ, ಕೃಷಿ ವಿದ್ಯಾರ್ಥಿಗಳಿಗೆ ಬೇರೆಲ್ಲೂ ಸಿಗದ ಮಾಹಿತಿ ಅದು. ‘ಹತ್ತು ಬಗೆಯ ಕಾಫಿಗಳು’ ಎಂಬ, ಸಾವಿರ ಕಡೆ ಇರುವ ಲೇಖನಕ್ಕೆ ಯಾರೂ ಲಿಂಕ್ ಕೊಡುವುದಿಲ್ಲ. ಮಳೆಯ ಕೋಷ್ಟಕಕ್ಕೆ ಕೊಡುತ್ತಾರೆ. ಬೇರೆ ಅಂಗಡಿಗೂ ಇಂಥದ್ದು ಏನಾದರೂ ಇರುತ್ತದೆ: ಇಳಕಲ್ಲಿನ ಸೀರೆ ನೇಯುವವರ ಹತ್ತಿರ ಅಂಚಿನ ನಮೂನೆಗಳಿರುತ್ತವೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಹತ್ತಿರ ಹಳೆಯ ಧಾರಣೆಯ ಪುಸ್ತಕವಿರುತ್ತದೆ.

ಫೋಟೋಗಳನ್ನೂ ಮರೆಯಬೇಡಿ. ಹೂ ಅರಳಿದ ತೋಟದ ಚಿತ್ರ ಚೆನ್ನಾಗಿ ಬಂದಿದ್ದರೆ ಅದನ್ನು ಯಾರೋ ಕೇಳದೇ ಎತ್ತಿಕೊಂಡಿರುತ್ತಾರೆ. ಗೂಗಲ್ ಲೆನ್ಸ್‌ಗೆ ಚಿತ್ರ ಕೊಟ್ಟು ಎಲ್ಲೆಲ್ಲಿ ಬಳಸಿದ್ದಾರೆ ನೋಡಿ. ಜಗಳ ತೆಗೆಯದೆ ‘ಚಿತ್ರ ಬಳಸಿದ್ದಕ್ಕೆ ಸಂತೋಷ, ಕೆಳಗೆ ನಮ್ಮ ಹೆಸರು ಮತ್ತು ಲಿಂಕ್ ಹಾಕಿ’ ಎಂದು ಬರೆದರೆ ಹಲವರು ಹಾಕುತ್ತಾರೆ. ಅಂಗಡಿಯ ಹೆಸರಿಗೆ ಗೂಗಲ್ ಅಲರ್ಟ್ ಇಟ್ಟರೆ, ಹೆಸರು ಬರೆದು ಲಿಂಕ್ ಮರೆತ ಪುಟಗಳೂ ತಿಳಿಯುತ್ತವೆ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಜನ ತಪ್ಪಾಗಿ ಬರೆಯುವ ಕಾಗುಣಿತದಲ್ಲೂ ಇಡಿ.

ಪತ್ರಕರ್ತರಿಗೆ ಮಾಹಿತಿ ಕೊಟ್ಟು ಲಿಂಕ್ ಪಡೆಯುವುದಕ್ಕೆ ಹಾರೋ ಎಂಬ ಅಮೆರಿಕದ ಸೇವೆ 2008ರಿಂದ ಪ್ರಸಿದ್ಧವಾಗಿತ್ತು. ನಡುವೆ ಹೆಸರು ಬದಲಾಗಿ, 2024ರ ಕೊನೆಗೆ ಮುಚ್ಚಿ, 2025ರಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ತೆರೆಯಿತು. ಚಿಕ್ಕಮಗಳೂರಿನ ಅಂಗಡಿಗೆ ಅದರಿಂದ ಹೆಚ್ಚು ಸಿಗದು. ಕಾಫಿ ಧಾರಣೆ ಏರಿದಾಗಲೆಲ್ಲ ಒಬ್ಬ ಬೆಳೆಗಾರನ ಮಾತು ಬೇಕಾಗುವ ಸ್ಥಳೀಯ ವರದಿಗಾರರ ಫೋನ್ ನಂಬರು ಹೆಚ್ಚು ಉಪಯೋಗದ್ದು.

ಲಿಂಕ್ ಕೊಳ್ಳುವುದರ ಅಪಾಯದ ಮಾತನ್ನು ಒಂದೇ ಉದಾಹರಣೆಯಲ್ಲಿ ಮುಗಿಸುತ್ತೇನೆ. ಬ್ರಿಟನ್ನಿನ ಹೂವಿನ ವ್ಯಾಪಾರಿ ಇಂಟರ್‌ಫ್ಲೋರಾ ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಜಾಹೀರಾತು ಲೇಖನಗಳ ಮೂಲಕ ಲಿಂಕ್ ಹಾಕಿಸಿತ್ತು. 2013ರ ಫೆಬ್ರವರಿಯಲ್ಲಿ ಗೂಗಲ್ ಎಷ್ಟು ಕಠಿಣವಾಗಿ ಕೆಳಗಿಳಿಸಿತೆಂದರೆ, ಅದರ ಹೆಸರನ್ನೇ ಹುಡುಕಿದರೂ ಅದರ ತಾಣ ಮೇಲೆ ಬರುತ್ತಿರಲಿಲ್ಲ. ಸುಮಾರು ಹನ್ನೊಂದು ದಿನಗಳ ನಂತರ ಮರಳಿತು. ಹಾಗೆ ಬೇಗ ಎದ್ದು ನಿಲ್ಲಲು ಅವರಲ್ಲಿ ಜನರಿದ್ದರು, ಹಣವಿತ್ತು. ನಮ್ಮ ಅಂಗಡಿಗೆ ಎರಡೂ ಇಲ್ಲ. ಹಣ ಕೊಟ್ಟು ಕೊಂಡ ಲಿಂಕು, ಲೆಕ್ಕವಿಲ್ಲದಷ್ಟು ಕೊಡು-ಕೊಳ್ಳುವ ಲಿಂಕು, ಒಂದೇ ಕೀವರ್ಡ್ ತುರುಕಿ ನೂರು ಕಡೆ ಹಾಕಿಸಿದ ಅತಿಥಿ ಲೇಖನ, ಇವೆಲ್ಲ ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ಬರೆದಿರುವ ತಪ್ಪುಗಳು. ಹಾಳೆಯಲ್ಲಿ ‘ಯಾಕೆ ಕೊಟ್ಟರು’ ಎಂಬ ಅಂಕಣಕ್ಕೆ ‘ಹಣಕ್ಕೆ’ ಎಂಬ ಉತ್ತರ ಬಂದರೆ ಆ ಸಾಲು ನಮಗಲ್ಲ.

ಲಿಂಕ್ ಕೇಳಿ ಪತ್ರ ಬರೆಯುವಾಗ ಒಮ್ಮೆಗೆ ನೂರು ಜನಕ್ಕೆ ಕಳಿಸುವ ಉಚಿತ ಸಾಫ್ಟ್‌ವೇರ್‌ಗಳಿವೆ, ಬೇಡ. ವಾರಕ್ಕೆ ಐದಾರು ಪತ್ರ ಸಾಕು. ಯಾವ ಪುಟ ಓದಿದಿರಿ, ಅದರಲ್ಲಿ ಯಾವ ಸಾಲಿನ ಹತ್ತಿರ ನಿಮ್ಮ ಮಾಹಿತಿ ಹೊಂದುತ್ತದೆ ಎಂದು ಮೊದಲ ಎರಡು ವಾಕ್ಯದಲ್ಲೇ ಹೇಳಿ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಯಾರಿಗೆ ಯಾವತ್ತು ಬರೆದಿರಿ, ಏನೆಂದರು ಎಂಬುದನ್ನು ಅದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ಒಬ್ಬರಿಗೇ ಮೂರು ಸಲ ಬರೆದು ಬೈಸಿಕೊಳ್ಳುತ್ತೀರಿ.

ಹಾಗಾದರೆ ದುಡ್ಡು ಕೊಟ್ಟು ಟೂಲ್ ಕೊಳ್ಳುವುದು ಯಾವಾಗ? ಉಚಿತ ಪಟ್ಟಿಗಳೆಲ್ಲ ಓದಿ ಮುಗಿದು, ಹಾಳೆಯಲ್ಲಿ ಕಾರಣಗಳು ವಿಂಗಡವಾಗಿ, ಇನ್ನಷ್ಟು ಪೈಪೋಟಿದಾರರ ಪಟ್ಟಿ ಬೇಕೇ ಬೇಕು ಅನ್ನಿಸಿದಾಗ. ಆಗಲೂ ವರ್ಷದ ಚಂದಾ ಬೇಡ, ಒಂದೇ ತಿಂಗಳಿಗೆ ತೆಗೆದುಕೊಳ್ಳಿ. ಯಾವ ಯಾವ ಸೈಟಿನ ಲಿಂಕ್ ಇಳಿಸಿಕೊಳ್ಳಬೇಕೆಂದು ಮೊದಲೇ ಬರೆದಿಟ್ಟುಕೊಂಡು ಕೂತರೆ ಎರಡು ಮೂರು ದಿನದಲ್ಲಿ ಎಲ್ಲವೂ ಎಕ್ಸೆಲ್‌ಗೆ ಬಂದು ಬೀಳುತ್ತದೆ, ಅದನ್ನು ಓದಲು ಮುಂದಿನ ಆರು ತಿಂಗಳು ಹಿಡಿಯುತ್ತದೆ. ಗ್ರಾಹಕರು ಇಬ್ಬರಿದ್ದರೆ ಖರ್ಚನ್ನು ಇಬ್ಬರ ಬಿಲ್ಲಿಗೂ ಹಂಚಿ, ಮೊದಲೇ ಹೇಳಿ ಹಂಚಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಯನ್ನು ಚಂದಾ ಕಟ್ಟಿದ ದಿನವೇ ರದ್ದು ಮಾಡಿ. ತಿಂಗಳು ಮುಗಿಯುವವರೆಗೆ ಟೂಲ್ ಹೇಗೂ ನಡೆಯುತ್ತದೆ.